ಗೇಟಲ್ಲಿ ನಂಬರ್ ಇತ್ತು, ಆದ್ರೆ ಕಾಣ್ತಿರಲಿಲ್ಲ

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅಪ್ಪನಿಗೆ ಎದೆ ಹಿಡಿದುಕೊಂಡಿತು. ಆಂಬುಲೆನ್ಸ್‌ಗೆ ಫೋನ್ ಮಾಡಿ ಕ್ರಾಸು, ಮೇನು, ಬ್ಲಾಕು ಎಲ್ಲ ಹೇಳಿದೆ. ಗಾಡಿ ಬೇಗನೇ ಬಂತು. ಬಂದು ನಮ್ಮ ಮನೆ ದಾಟಿ ಮುಂದೆ ಹೋಯಿತು! ನಾನು ಅಪ್ಪನ ಕೈ ಹಿಡಿದು ಕೂತಿದ್ದೇನೆ, ಸೈರನ್ ಹತ್ತಿರ ಬಂದು ಮತ್ತೆ ದೂರ ಹೋಗುತ್ತಿದೆ. ಪಕ್ಕದ ಮನೆ ಹುಡುಗ ಮೊಬೈಲ್ ಟಾರ್ಚ್ ಬೀಸುತ್ತಾ ಓಡಿಹೋಗಿ ಕರೆತಂದ. ಅಪ್ಪ ಈಗ ಚೆನ್ನಾಗಿದ್ದಾರೆ, ಸಾರಿಗೆ ಉಪ್ಪು ಕಮ್ಮಿ ಅಂತ ಜಗಳ ಆಡುವಷ್ಟು.

ಡ್ರೈವರ್‌ದು ತಪ್ಪಲ್ಲ. ಆಮೇಲೊಂದು ರಾತ್ರಿ ರಸ್ತೆಯ ಆಚೆ ನಿಂತು ನೋಡಿದೆ. ಕಪ್ಪು ಗ್ರಾನೈಟ್ ಮೇಲೆ ಮನೆ ಹೆಸರು ದೊಡ್ಡದಾಗಿ, ಮೂಲೆಯಲ್ಲಿ ಹೆಬ್ಬೆರಳಿನಷ್ಟು 78. ಅದರ ಮೇಲೊಂದು ದಾಸವಾಳದ ಕೊಂಬೆ. ಸ್ಕೂಟರ್ ಲೈಟ್ ಬಿದ್ದರೆ ಸ್ಟೀಲ್ ಅಂಕಿ ಫಳ್ ಅಂತ ಹೊಳೆಯುತ್ತೆ, ಓದೋಕೆ ಮಾತ್ರ ಆಗಲ್ಲ. ಕೆಳಗೆ ಬೇರೆ 'ಹಳೇ ನಂ. 31' ಅಂತ ಅರ್ಧ ಕಿತ್ತ ಸ್ಟಿಕರ್. ಬೆಂಗಳೂರಲ್ಲಿ ಪಕ್ಕದ ಮನೆ ನೋಡಿ ಅಂದಾಜು ಮಾಡೋಣ ಅಂದ್ರೂ ಆಗಲ್ಲ, ನಮ್ಮ 78ರ ಪಕ್ಕದಲ್ಲಿರೋದು 112, ಎದುರಿಗೆ ಒಂದೇ ಸೈಟನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡು 45/1, 45/2 ಆಗಿದೆ.

ಬೈಕ್ ನಂಬರ್ ಪ್ಲೇಟ್ ಮಾಡಿಕೊಡೋ ರೇಡಿಯಂ ಸ್ಟಿಕರ್ ಅಂಗಡಿಗೆ ಹೋದೆ. ಕಡುಹಸಿರು ತಗಡಿನ ಮೇಲೆ ಬಿಳಿ ಅಂಕಿ, ಹೆಡ್‌ಲೈಟ್ ಬಿದ್ದರೆ ದೂರದಿಂದಲೇ ಕಾಣುವಂಥದ್ದು. ಅಮೆರಿಕದಲ್ಲಿ ಬಹಳ ಕಡೆ ಪಾಲಿಸುವ ಫೈರ್ ಕೋಡ್‌ನಲ್ಲಿ ಮನೆ ನಂಬರ್ ಕನಿಷ್ಠ 4 ಇಂಚು ಎತ್ತರ, ಗೆರೆ ಅರ್ಧ ಇಂಚು ದಪ್ಪ ಇರಬೇಕು ಅಂತಿದೆ. ನಾನು 5 ಇಂಚು ಬರೆಸಿದೆ. ೭೮ ಅಂತಲೂ ಇದೆ, 78 ಅಂತಲೂ ಇದೆ. ಕನ್ನಡ ಅಂಕಿ ನನಗೆ ಇಷ್ಟ, ಆದರೆ ಅವಸರದಲ್ಲಿ ಹುಡುಕೋನು ಅದನ್ನು ಓದಲು ಒದ್ದಾಡಬಾರದು ಅಲ್ವಾ?

ಮೊದಲು ಗೇಟಿಗೇ ಹೊಡೆಸಿದ್ದೆ, ದಡ್ಡತನ. ಗೇಟ್ ತೆರೆದರೆ ನಂಬರ್ ಒಳಗೆ ತಿರುಗುತ್ತೆ. ಬಿಚ್ಚಿಸಿ ಪಿಲ್ಲರ್‌ಗೆ ಹಾಕಿಸಿದೆ, ಎದುರಿಗೆ ಕಾರು ನಿಂತರೂ ಮರೆಯಾಗದಷ್ಟು ಮೇಲೆ. ದಾಸವಾಳ ಕತ್ತರಿಸುವಾಗ ಅಮ್ಮ ಎರಡು ದಿನ ಮಾತು ಬಿಟ್ಟಳು. ಅಪ್ಪ ನೋಡಿ, "ಬಸ್ ನಂಬರ್ ಥರ ಇದೆಯಲ್ಲೋ" ಅಂದರು.

ಇನ್ನು ನಮ್ಮ ಕ್ರಾಸ್ ಬೋರ್ಡು. ಯಾವುದೋ ಮರಿ ಲೀಡರ್ ಹುಟ್ಟುಹಬ್ಬದ ಫ್ಲೆಕ್ಸ್ ಅದರ ಮೇಲೇ ನೇತಾಡುತ್ತಿದೆ. ಭಾನುವಾರ ಏಣಿ ಸಿಗುತ್ತಾ ನೋಡಬೇಕು.