ಹಡಗಿನ ಪಟ್ಟಿಯಲ್ಲಿ ಮುತ್ತಜ್ಜ

ನ್ಯೂಜೆರ್ಸಿಯಲ್ಲಿ ಮಗಳ ಪಕ್ಕದ ಮನೆಯವರು ಇಟಲಿ ಮೂಲದ ಹಿರಿಯ ಹೆಂಗಸು. "ನಮ್ಮ ಮನೆತನದ ಹೆಸರನ್ನು ಎಲ್ಲಿಸ್ ಐಲ್ಯಾಂಡಿನ ಆಫೀಸಿನವರು ಕತ್ತರಿಸಿ ಹಾಕಿದರು" ಅಂತ ಕಾಫಿಗೆ ಬಂದಾಗಲೆಲ್ಲ ಹೇಳುತ್ತಿದ್ದರು. ಐದಕ್ಷರದ ಹೆಸರು ಎರಡಕ್ಕೆ ಇಳಿದಿತ್ತಂತೆ. ಎಲ್ಲಿಸ್ ಐಲ್ಯಾಂಡ್ ಅಂದರೆ ಹಿಂದೆ ಅಮೆರಿಕಕ್ಕೆ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ, ನ್ಯೂಯಾರ್ಕ್ ಬಂದರಿನ ದ್ವೀಪ; ಈಗ ಮ್ಯೂಸಿಯಂ. ಹೋಗಿ ನೋಡಿಯೇ ಬಿಡೋಣ ಅಂತ ಒಂದು ಬುಧವಾರ ಇಬ್ಬರೂ ಹೊರಟೆವು.

ಲಿಬರ್ಟಿ ಸ್ಟೇಟ್ ಪಾರ್ಕಿನಿಂದ ಫೆರ್ರಿ ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ. ಗಾಳಿಗೆ ನನ್ನ ಸೆರಗು ನಿಲ್ಲುತ್ತಿರಲಿಲ್ಲ. 1892ರಿಂದ 1954ರವರೆಗೆ ಸುಮಾರು 1 ಕೋಟಿ 20 ಲಕ್ಷ ಜನ ಈ ಪುಟ್ಟ ದ್ವೀಪ ದಾಟಿಯೇ ಅಮೆರಿಕ ಸೇರಿದವರು. ಅದೂ ಹಡಗಿನ ತಳದಲ್ಲಿ ಕುರಿಗಳಂತೆ ಬಂದ ಬಡವರು. ಮೊದಲ, ಎರಡನೇ ದರ್ಜೆಯವರ ತಪಾಸಣೆ ಹಡಗಿನಲ್ಲೇ ಮುಗಿಯುತ್ತಿತ್ತು. ದುಡ್ಡಿದ್ದವರಿಗೆ ಎಲ್ಲ ಕಡೆಯೂ ಹಾಗೇ ಅಲ್ವಾ?

ಒಳಗೆ ದೊಡ್ಡ ಹಾಲಿಗೆ ಹೋಗಲು ಮೆಟ್ಟಿಲು ಹತ್ತಬೇಕು. ಈಗಿರುವುದು ಮತ್ತೆ ಕಟ್ಟಿದ್ದು. ಆಗ ಡಾಕ್ಟರುಗಳು ಮೇಲೆ ನಿಂತು, ಗಂಟುಮೂಟೆ ಹೊತ್ತು ಹತ್ತುವವರಲ್ಲಿ ಯಾರಿಗೆ ಏದುಸಿರು, ಯಾರಿಗೆ ಕಾಲು ಕುಂಟು ಅಂತ ನೋಡುತ್ತಿದ್ದರು. ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದಕ್ಷರ. ಹೃದಯಕ್ಕೆ 'ಎಚ್', ಕಣ್ಣಿಗೆ 'ಇ'. ಕಣ್ಣುರೆಪ್ಪೆ ಮಡಚಿ ನೋಡಲು ಗುಂಡಿ ಹಾಕುವ ಕೊಕ್ಕೆಯನ್ನೂ ಬಳಸುತ್ತಿದ್ದರು. ಅದನ್ನು ಓದಿದಾಗ ನನ್ನ ಕಣ್ಣೇ ಚುರುಗುಟ್ಟಿತು. ನೂರಕ್ಕೆ ಇಬ್ಬರನ್ನಷ್ಟೇ ವಾಪಸ್ ಕಳಿಸಿದ್ದು. ಆದರೆ ಸರತಿಯಲ್ಲಿ ನಿಂತವರಿಗೆ ಆ ಲೆಕ್ಕ ಎಲ್ಲಿ ಗೊತ್ತಿತ್ತು?

ಹೆಸರಿನ ವಿಚಾರ ಕೇಳಿದೆವು. ಗೈಡ್ ನಕ್ಕರು. ಇದನ್ನು ದಿನಾ ಕೇಳುತ್ತಾರಂತೆ. ಪ್ರಯಾಣಿಕರ ಪಟ್ಟಿಯನ್ನು ಹಡಗಿನವರು ಯುರೋಪಿನ ಬಂದರಿನಲ್ಲೇ ಬರೆದು ತರುತ್ತಿದ್ದರು. ಇಲ್ಲಿಯವರ ಕೆಲಸ ಅದನ್ನು ತಾಳೆ ನೋಡುವುದು, ಅಷ್ಟೆ. ಭಾಷೆ ಬಾರದೆ ಎಡವಟ್ಟಾಯಿತು ಅನ್ನಲೂ ಆಗದು, ದುಭಾಷಿಗಳಿದ್ದರು. ಮುಂದೆ ನ್ಯೂಯಾರ್ಕಿನ ಮೇಯರ್ ಆದ ಫಿಯೊರೆಲ್ಲೊ ಲಾ ಗಾರ್ಡಿಯಾ ಕೂಡ 1907ರಿಂದ 1910ರವರೆಗೆ ಇಲ್ಲಿ ದುಭಾಷಿ. ಹೆಸರು ಮೊಟಕು ಮಾಡಿಕೊಂಡವರು ಹೆಚ್ಚಾಗಿ ತಾವೇ, ಆಮೇಲೆ, ಕೆಲಸಕ್ಕೋ ಸ್ಕೂಲಿಗೋ ಅನುಕೂಲ ಅಂತ. ನನ್ನನ್ನೇ ನೋಡಿ. ಇನಿಷಿಯಲ್‌ನಲ್ಲಿದ್ದ ಊರು ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಆಗಿ, ಇಲ್ಲಿ ಡಾಕ್ಟರ ಹತ್ತಿರ ಹೋದರೆ ನಮ್ಮೂರನ್ನೇ ಕೂಗುತ್ತಾರೆ!

ಕೆಳಗಿನ ಕಂಪ್ಯೂಟರಿನಲ್ಲಿ ಅರ್ಧ ಗಂಟೆ ಹುಡುಕಿದ ಮೇಲೆ ಹಡಗಿನ ಪಟ್ಟಿಯಲ್ಲಿ ಆಕೆಯ ಮುತ್ತಜ್ಜ ಸಿಕ್ಕರು. 1909, ನೇಪಲ್ಸ್ ಬಂದರು, ಕೂಲಿ ಕೆಲಸ, ಕೈಯಲ್ಲಿ 12 ಡಾಲರ್. ಹೆಸರು ಐದಕ್ಷರವೂ ಹಾಗೇ ಇದೆ. ಪಕ್ಕದಲ್ಲಿ ಸರಿ ಗುರುತು.

ವಾಪಸ್ ಬರುವಾಗ ಫೆರ್ರಿಯಿಂದಲೇ ತಮ್ಮನಿಗೆ ಫೋನ್ ಮಾಡಿದರು. ಅವನು ಒಪ್ಪಲೇ ಇಲ್ಲವಂತೆ. ಫೋನ್ ಚೀಲಕ್ಕೆ ಹಾಕಿಕೊಳ್ಳುತ್ತಾ ಆಕೆ ಅಂದರು: "ಮೊಮ್ಮಕ್ಕಳಿಗೆ ಹಳೇ ಕಥೆಯನ್ನೇ ಹೇಳ್ತೀನಿ ಬಿಡಿ. ಅದೇ ಚೆನ್ನಾಗಿದೆ."