14ನೇ ನಂಬರಿನ ಮುಚ್ಚಳ

ಅವರ್ಸಾದಿಂದ ಕಾರವಾರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಕಾಲೇಜು ಅಂದರೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮಾತ್ರ. ನಾಲ್ಕೂಕಾಲರ ಅಂಕೋಲಾ ಬಸ್ಸು ತಪ್ಪಿದರೆ ಮುಂದಿನದರಲ್ಲಿ ಒಂಟಿಕಾಲಲ್ಲಿ ನಿಲ್ಲಬೇಕು. ಲೈಬ್ರರಿ ಐದೂವರೆವರೆಗೆ ತೆರೆದಿರುತ್ತದೆ ಎಂದು ಬೋರ್ಡಿನಲ್ಲಿ ಬರೆದಿತ್ತು. ಆ ಒಂದೂವರೆ ತಾಸು ಊರಲ್ಲೇ ಮನೆ, ರೂಮು ಇದ್ದವರ ಪಾಲಿಗೆ. ಬಿಎಸ್ಸಿಯ ಎರಡೂವರೆ ವರ್ಷದಲ್ಲಿ ನಾನು ಆ ಲೈಬ್ರರಿಗೆ ಹೋದದ್ದು ಎರಡೇ ಕೆಲಸಕ್ಕೆ: ಹಳೇ ಪ್ರಶ್ನೆಪತ್ರಿಕೆಗಳ ಝೆರಾಕ್ಸ್ ಮಾಡಿಸಲು, ಸೆಕೆಗಾಲದಲ್ಲಿ ಫ್ಯಾನಿನ ಕೆಳಗೆ ಕೂರಲು.

2019ರ ಜನವರಿಯಲ್ಲಿ ಕೊನೇ ಸೆಮಿಸ್ಟರಿನ ಪ್ರಾಜೆಕ್ಟು ಬಂತು. ಕಾಳಿ ನದಿ ಸಮುದ್ರ ಸೇರುವ ಅಳಿವೆಯ ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟು ಎಂದು ಅಳೆಯುವ ಕೆಲಸ ನನ್ನದು. ಎರಡು ಜಾಗ ಗುರುತು ಮಾಡಿಕೊಂಡೆ. ಒಂದು ಕೋಡಿಬಾಗದ ಸೇತುವೆ ಹತ್ತಿರ, ಇನ್ನೊಂದು ಒಳಗೆ, ಕಡವಾಡದ ಕಡೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ಕಾಲುವೆ. ಇಳಿತದ ಹೊತ್ತಿಗೆ ಅಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಕಾಲಿಟ್ಟರೆ ಕೆಸರು ಚಪ್ಪಲಿಯನ್ನು ವಾಪಸ್ ಕೊಡುವುದಿಲ್ಲ.

ನೀರು ತಂದದ್ದು ಮಿನರಲ್ ವಾಟರಿನ ಖಾಲಿ ಬಾಟಲಿಗಳಲ್ಲಿ. ತಂದದ್ದು ಅಂದರೆ, ಗೆಳೆಯನ ಬೈಕಿನ ಹಿಂದೆ ಕೂತು, ಮುಕ್ಕಾಲು ತುಂಬಿದ ಬಾಟಲಿಗಳನ್ನು ಬ್ಯಾಗಿನಲ್ಲಿ ಕುಲುಕಿಸುತ್ತಾ. ಮೂರು ಸಲ ಹೀಗೆ ತಂದು, ಹನಿಹನಿಯಾಗಿ ರಾಸಾಯನಿಕ ಬಿಟ್ಟು ಅಳೆಯುವ ಟೈಟ್ರೇಶನ್ ಮಾಡಿದೆ. ಲೀಟರಿಗೆ 6.8 ಮಿಲಿಗ್ರಾಂ, 6.9, ಮತ್ತೆ 6.8. ಸೇತುವೆ ಬುಡದ ನೀರಿಗೂ ಅಷ್ಟೇ, ಮೂಗು ಮುಚ್ಚಿಕೊಂಡು ತುಂಬಿದ ಕೆಸರು ಕಾಲುವೆಯ ನೀರಿಗೂ ಅಷ್ಟೇ. ನನಗೆ ಖುಷಿಯೋ ಖುಷಿ. ಅಂಕಿಗಳು ಒಂದಕ್ಕೊಂದು ತಾಳೆಯಾದರೆ ಪ್ರಯೋಗ ಸರಿ ಎಂದೇ ಅಲ್ಲಿವರೆಗೆ ನಾನು ತಿಳಿದಿದ್ದು.

ಪಕ್ಕದಲ್ಲಿ ಪಿಪೆಟ್ ತೊಳೆಯುತ್ತಿದ್ದ ಲ್ಯಾಬಿನ ಅಟೆಂಡರ್ ಕೇಳಿದರು, "ನೀರು ತಂದದ್ದು ಎಂತದರಲ್ಲಿ?"

ತೋರಿಸಿದೆ. ಅವರು ನಗಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಕೈ ಒರೆಸಿಕೊಂಡು, ಸೊಂಟದ ಬೀಗದ ಕೈಯಿಂದ ಮೂಲೆಯ ಕಪಾಟು ತೆರೆದರು. ಆ ಕಪಾಟಿಗೆ ಒರಗಿ ನಾನು ಐದು ಸೆಮಿಸ್ಟರ್ ರೆಕಾರ್ಡ್ ಬರೆದಿದ್ದೆ. ಒಳಗೆ ಹಳದಿಯಾದ ಪೇಪರಿನಲ್ಲಿ ಸುತ್ತಿಟ್ಟ ಗಾಜಿನ ಸೀಸೆಗಳು. ನೀರಿನ ಆಮ್ಲಜನಕ ಅಳೆಯಲೆಂದೇ ಇರುವ 300 ಮಿಲಿಲೀಟರಿನ ಬಿಓಡಿ ಬಾಟಲಿ. ಗಾಜಿನ ಮುಚ್ಚಳದ ತುದಿ ಓರೆಯಾಗಿ ಕೊರೆದಿದೆ, ಬಾಯಿತನಕ ತುಂಬಿ ಮುಚ್ಚಿದರೆ ಒಂದು ಗುಳ್ಳೆಯೂ ಒಳಗೆ ಉಳಿಯುವುದಿಲ್ಲ. ಸೀಸೆಯ ಮೇಲೊಂದು ನಂಬರು, ಮುಚ್ಚಳದ ಮೇಲೂ ಅದೇ ನಂಬರು. ಒಂದರ ಮುಚ್ಚಳ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲವಂತೆ.

"ಕಾಲು ಬಾಟಲಿ ಗಾಳಿ ಇಟ್ಟು ಬೈಕ್ ಮೇಲೆ ಕುಲುಕಿಸಿದ್ರೆ ಗಾಳಿಯದ್ದೇ ಆಕ್ಸಿಜನ್ ನೀರಿಗೆ ಇಳೀತದೆ. ನೀವು ಅಳೆದದ್ದು ನದಿಯದ್ದಲ್ಲ, ಬೈಕಿದ್ದು."

ಇವೆಲ್ಲ ಇಲ್ಲೇ ಇದ್ದವಾ ಎಂದೆ. "ಕೇಳದೇ ಎಂತಕ್ಕೆ ತೆಗೆಯುದು?" ಎಂದರು. ಇಶ್ಯೂ ರಿಜಿಸ್ಟರಿನಲ್ಲಿ ಸಹಿ ಹಾಕುವಾಗ ಮೇಲಿನ ಸಾಲು ಕಂಡಿತು. ಆ ಸೀಸೆಗಳನ್ನು ನನಗಿಂತ ಮೊದಲು ಒಯ್ದವರ ತಾರೀಕು 2013ರದ್ದು.

ವಿಧಾನವನ್ನು ನೋಟ್ಸಿನಿಂದ ಬಾಯಿಪಾಠ ಮಾಡಿದ್ದೆ, ಆದರೆ ನೀರು ಹೇಗೆ ತುಂಬಬೇಕು ಎನ್ನುವುದು ನೋಟ್ಸಿನಲ್ಲಿ ಇರಲೇ ಇಲ್ಲ. ಅಟೆಂಡರೇ ಹೇಳಿದರು, ಲೈಬ್ರರಿಗೆ ಹೋಗಿ ಕೇಳಿ ಎಂದು. ಏನು ಕೇಳಬೇಕು ಎಂದು ಗೊತ್ತಿರದೆ ಕೌಂಟರಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಇಂಗ್ಲಿಷಿನಲ್ಲಿ ಕೇಳಬೇಕೇನೋ ಎಂಬ ಅಳುಕು ಬೇರೆ. ಲೈಬ್ರರಿಯನ್ ಮೇಡಂ ನನ್ನ ರೋಲ್ ನಂಬರು ಕೇಳಿ, ಡ್ರಾಯರಿನಿಂದ ಒಂದು ಪಟ್ಟಿ ತೆಗೆದರು. ಎನ್-ಲಿಸ್ಟ್ ಎಂಬುದರ ಲಾಗಿನ್‌ಗಳು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಯುಜಿಸಿ ಕೇಂದ್ರ ನಡೆಸುವ ವ್ಯವಸ್ಥೆ ಅದು. ಸೇರಿದ ಕಾಲೇಜಿನ ಪ್ರತಿ ವಿದ್ಯಾರ್ಥಿಗೂ ಒಂದು ಹೆಸರು, ಒಂದು ಪಾಸ್‌ವರ್ಡ್. 6,000ಕ್ಕೂ ಹೆಚ್ಚು ಜರ್ನಲ್‌ಗಳು, ಲಕ್ಷಗಟ್ಟಲೆ ಇ-ಪುಸ್ತಕಗಳು, ಮನೆಯಲ್ಲಿ ಕೂತು ಮೊಬೈಲಿನಲ್ಲೇ ಓದಬಹುದಿತ್ತು. ನನ್ನ ಹೆಸರು ಆ ಪಟ್ಟಿಯಲ್ಲಿ ಮೊದಲ ವರ್ಷದಿಂದಲೂ ಇತ್ತು!

ಇದನ್ನು ನೋಟಿಸ್ ಬೋರ್ಡಿಗೆ ಹಾಕಿದ್ದೆವಲ್ಲ ಎಂದರು ಮೇಡಂ. ಹಾಕಿರಬಹುದು. ಸ್ಕಾಲರ್‌ಶಿಪ್ಪು, ಪರೀಕ್ಷಾ ಫೀ, ಎನ್‌ಎಸ್‌ಎಸ್ ಕ್ಯಾಂಪು, ಎಲ್ಲದರ ಕೆಳಗೆ ಎಲ್ಲೋ ಇತ್ತೇನೋ. ಆದರೆ ಬಸ್ಸಿಗೆ ಓಡುವವರು ನಿಂತು ಓದುವ ಹಾಗೆ ಆ ಬೋರ್ಡು ಯಾವತ್ತೂ ಇರಲಿಲ್ಲ ಎಂಬ ನನ್ನ ತಕರಾರು ಈಗಲೂ ಇದೆ.

ಅವರೇ ತೋರಿಸಿದ ಇನ್ನೊಂದು ಶೋಧಗಂಗಾ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿವೆ, ಅದಕ್ಕೆ ಪಾಸ್‌ವರ್ಡೂ ಬೇಡ. ಕಾರವಾರ ಎಂದು ಟೈಪಿಸಿದೆ. ನಮ್ಮ ಕಡಲು, ನಮ್ಮ ಮೀನು, ನಮ್ಮ ಚಿಪ್ಪಿ, ಒಂದರ ಕೆಳಗೊಂದು ಬಂದವು. ದಿನಾ ಬಸ್ಸಿನ ಕಿಟಕಿಯಿಂದ ನೋಡುವ ನೀರಿನ ಮೇಲೆ ಯಾರೋ ವರ್ಷಗಟ್ಟಲೆ ಕೂತು ಕೋಷ್ಟಕ ಹಾಕಿದ್ದಾರೆ. ಆವತ್ತು ನಾಲ್ಕೂಕಾಲರ ಬಸ್ಸು ತಪ್ಪಿತು, ಬೇಕೆಂದೇ ತಪ್ಪಿಸಿದ್ದು.

ಶನಿವಾರ ಆರು ಸೀಸೆ ಹೊತ್ತುಕೊಂಡು ಹೋದೆ. ಈ ಸಲ ರಾಸಾಯನಿಕಗಳೂ ಜೊತೆಗಿದ್ದವು. ಹಂಗೇರಿಯ ವಿಂಕ್ಲರ್ 1888ರಲ್ಲಿ ಕೊಟ್ಟ ವಿಧಾನದ ಗುಟ್ಟೇ ಅದು, ಆಮ್ಲಜನಕವನ್ನು ನದಿಯ ದಡದಲ್ಲೇ ಕಟ್ಟಿಹಾಕಬೇಕು. ಸೀಸೆಯನ್ನು ನೀರಿನೊಳಗೆ ಓರೆಯಾಗಿ ಮುಳುಗಿಸಿ, ಬುಳುಬುಳು ಎನ್ನದ ಹಾಗೆ ನಿಧಾನಕ್ಕೆ ತುಂಬಿಸಿದೆ. ಪಿಪೆಟ್ಟಿನ ತುದಿ ನೀರಿನ ಒಳಗಿಟ್ಟು ಮ್ಯಾಂಗನೀಸ್ ಸಲ್ಫೇಟ್ 2 ಮಿಲಿಲೀಟರ್, ಕ್ಷಾರದ ಅಯೋಡೈಡ್ 2 ಮಿಲಿಲೀಟರ್. ಮುಚ್ಚಿ ತಲೆಕೆಳಗು ಮಾಡಿದರೆ ಮೋಡದ ಹಾಗೆ ಗಸಿ ಏಳುತ್ತದೆ. ಸೇತುವೆಯ ಹತ್ತಿರದ ನೀರಿನಲ್ಲಿ ಅದು ಗಾಢ ಕಂದು, ಬೆಲ್ಲದ ಪಾಕದ ಬಣ್ಣ. ಕಾಂಡ್ಲಾ ಕಾಲುವೆಯ ಸೀಸೆಯಲ್ಲಿ ಹಾಲು ಜಾಸ್ತಿಯಾದ ಚಹಾದ ಬಣ್ಣ. ಆಮ್ಲಜನಕ ಕಮ್ಮಿಯಾದಷ್ಟೂ ಗಸಿ ಬೆಳ್ಳಗಾಗುತ್ತದೆ. ಲೆಕ್ಕ ಹಾಕುವ ಮೊದಲೇ, ಕಾಲು ಕೆಸರಿನಲ್ಲಿ ಇರುವಾಗಲೇ, ಎರಡು ಸೀಸೆ ಅಕ್ಕಪಕ್ಕ ಹಿಡಿದರೆ ಉತ್ತರ ಕಾಣುತ್ತಿತ್ತು.

ಲ್ಯಾಬಿಗೆ ಬಂದು ಆಸಿಡ್ ಹಾಕಿ, ಗಸಿ ಕರಗಿ ಹಳದಿಯಾಗಿ, ಪಿಷ್ಟಕ್ಕೆ ನೀಲಿಯಾಗಿ, ಬ್ಯುರೆಟ್ಟಿನ ಕೊನೆಯ ಒಂದೇ ಹನಿಗೆ ನೀಲಿ ಮಾಯ. ಸೇತುವೆ ಬಳಿ 6.1, ಕಾಲುವೆಯಲ್ಲಿ 3.4.

ಆದರೆ ಕೆಲಸಕ್ಕೆ ಬಂದ ಸೀಸೆಗಳು ಐದೇ ಎನ್ನಬೇಕು. ಕೋಡಿಬಾಗದಲ್ಲಿ 14ನೇ ನಂಬರಿನ ಮುಚ್ಚಳವನ್ನು ಅಂಗಿಯ ಜೇಬಿನಲ್ಲಿಟ್ಟು ಬಗ್ಗಿದ್ದೆ. ಪುಳಕ್ ಎಂದದ್ದು ಕೇಳಿತು. ಕೈಯಾಡಿಸಿದ್ದಕ್ಕೆ ಸಿಕ್ಕಿದ್ದು ಒಂದು ಖಾಲಿ ಚಿಪ್ಪಿ. 15ರ ಮುಚ್ಚಳ ಹಾಕಿ ನೋಡಿದೆ, ಪಕ್ಕದಲ್ಲಿ ಗುಳ್ಳೆ ಕೂತೇ ಇತ್ತು. ಅಲ್ಲಿನ ಹಳೇ ಸೇತುವೆಯೇ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಕಾಳಿಗೆ ಬಿದ್ದಾಗ, ನನಗೆ ಥಟ್ಟನೆ ನೆನಪಾದದ್ದು ಆ ಮುಚ್ಚಳ. ನಾಚಿಕೆಯ ವಿಷಯ, ಆದರೂ ನಿಜ.

ಸೋಮವಾರ ಸೀಸೆ ವಾಪಸು ಕೊಡುವಾಗ ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅಟೆಂಡರ್ 14ನೆಯದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಮತ್ತೆ ಪೇಪರಿನಲ್ಲಿ ಸುತ್ತಿದರು. ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದರು: "ಮುಚ್ಚಳ 1, ಕಾಳಿ ನದಿಯಲ್ಲಿದೆ."