ಗಡಸುತನದ ಅಂಕಿ ಸರಿಯಿತ್ತು, ಕತ್ತಿಯ ಬಾಯಿ ಮುಕ್ಕಾಗಿತ್ತು

ಪೀಣ್ಯದ ಒಂದು ಹೀಟ್ ಟ್ರೀಟ್‌ಮೆಂಟ್ ಘಟಕದಲ್ಲಿ ಒಂಬತ್ತು ವರ್ಷ ಪ್ರೆಸ್ ಡೈಗಳಿಗೆ (ಲೋಹದ ತಗಡನ್ನು ಒತ್ತಿ ಆಕಾರ ಕೊಡುವ ಉಕ್ಕಿನ ಅಚ್ಚುಗಳಿಗೆ) ಹದ ಕೊಡುವ ಕೆಲಸ ಮಾಡಿದ ಮೇಲೆ ನಾನು ಸಾಗರದ ಕಡೆಯ ಒಂದು ಸಣ್ಣ ಕಾರ್ಯಾಗಾರಕ್ಕೆ ಬಂದು ಸೇರಿದೆ. ಇಲ್ಲಿ ತಯಾರಾಗುವುದು ಮುಖ್ಯವಾಗಿ ಅಡಿಕೆ ತೋಟದ ಕತ್ತಿಗಳು. ಮಲೆನಾಡಿನಲ್ಲಿ ಒಂದು ಕತ್ತಿಯಿಂದ ಏನೆಲ್ಲ ಕೆಲಸ ತೆಗೆಯುತ್ತಾರೆ ಎಂಬುದು ಇಲ್ಲಿಯವರಿಗೆ ಗೊತ್ತೇ ಇದೆ: ಬೆಳಿಗ್ಗೆ ಬೆಟ್ಟದಲ್ಲಿ ಹಸಿ ಸೊಪ್ಪು ಕಡಿದ ಕತ್ತಿಯೇ ಮಧ್ಯಾಹ್ನ ಬೇಲಿಯ ಬಿದಿರು ಸೀಳುತ್ತದೆ, ಸಂಜೆ ಗಾಳಿಗೆ ಬಿದ್ದ ಅಡಿಕೆ ಮರವನ್ನು ತುಂಡರಿಸುತ್ತದೆ, ನಡುವೆ ಯಾರಾದರೂ ಅದರ ಬೆನ್ನಿನಿಂದ ಗೂಟವನ್ನೂ ಹೊಡೆದಿರುತ್ತಾರೆ. ಹರಿತವೂ ಬೇಕು, ಮುಕ್ಕಾಗಲೂ ಬಾರದು ಎಂಬ ಎರಡು ಬೇಡಿಕೆಗಳು ಒಂದೇ ಅಲಗಿನ ಮೇಲೆ ಬೀಳುವ ಜಾಗವಿದು. ಈ ಎರಡನ್ನೂ ತೂಗಿಸುವುದನ್ನು ನಾನು ಇಲ್ಲಿ ಮೂರು ಬಾರಿ ಮಾಡಿ ಕಲಿಯಬೇಕಾಯಿತು.

ಡೈ ಕೆಲಸದಿಂದ ಬಂದವನಿಗೆ ಒಂದು ಚಟವಿರುತ್ತದೆ. ಅಲ್ಲಿ ನಕ್ಷೆಯ ಮೂಲೆಯಲ್ಲಿ ಬರೆದಿರುವ ಗಡಸುತನದ ರಾಕ್‌ವೆಲ್ ಅಂಕಿಯೇ ಕೊನೆಯ ಮಾತು; ವಜ್ರದ ಮೊನೆಯನ್ನು 150 ಕಿಲೋ ಭಾರದಲ್ಲಿ ಉಕ್ಕಿಗೆ ಒತ್ತಿ, ಅದು ಎಷ್ಟು ಆಳ ಇಳಿಯಿತು ಎಂದು ನೋಡಿ, ಅಂಕಿ ಬಂದರೆ ಮಾಲು ಸಾಗುತ್ತದೆ, ಬಾರದಿದ್ದರೆ ವಾಪಸು ಕುಲುಮೆಗೆ ಹೋಗುತ್ತದೆ. ಅದೇ ಚಟದಲ್ಲಿ ನಾನು ಇಲ್ಲಿಯ ಮೊದಲ 40 ಕತ್ತಿಗಳನ್ನು ಮಾಡಿಸಿದೆ. ಲಾರಿಯ ಸ್ಪ್ರಿಂಗ್ ಪಟ್ಟಿಗೆ ಬಳಸುವ ಎಸ್‌ಯುಪಿ 9 ಉಕ್ಕಿನ ಹೊಸ ಪಟ್ಟಿ ತರಿಸಿದ್ದೆವು. ಅದರಲ್ಲಿ ಇಂಗಾಲ 0.52ರಿಂದ 0.60 ಶೇಕಡಾ, ಜೊತೆಗೆ ಸ್ವಲ್ಪ ಮ್ಯಾಂಗನೀಸ್ ಮತ್ತು ಕ್ರೋಮಿಯಂ ಇರುತ್ತದೆ. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದ ಇಳಿಸಿದಾಗ, ಅಂದರೆ ಗಡಸಾದ ಉಕ್ಕಿನ ಪೆಡಸು ತಗ್ಗಲು ಅದನ್ನು ಮತ್ತೆ ಮಿತವಾಗಿ ಕಾಯಿಸಿದಾಗ, ಅಂಕಿ 58 ಬಂತು. ನಾನು ತೃಪ್ತನಾದೆ. ಹದಿನೈದು ದಿನದೊಳಗೆ 11 ಕತ್ತಿಗಳು ಬಾಯಿ ಮುಕ್ಕಾಗಿ ಮರಳಿ ಬಂದವು.

ಆಗ ನಾನು ಮಾಡಿದ್ದು, ಈಗ ಯೋಚಿಸಿದರೆ, ಯಾವ ತರಬೇತಿ ಹುಡುಗನೂ ಮಾಡಬಹುದಾದ ತಪ್ಪು. ಮುಕ್ಕಾಯಿತು ಎಂದರೆ ಪೆಡಸಾಗಿದೆ, ಪೆಡಸಾಗಿದೆ ಎಂದರೆ ಗಡಸುತನ ಇಳಿಸಬೇಕು ಎಂದು ಒಂದೇ ಉಸಿರಿನಲ್ಲಿ ತೀರ್ಮಾನಿಸಿ, ಎರಡನೆಯ ಕಂತನ್ನು 320 ಡಿಗ್ರಿಯಲ್ಲಿ ಹದ ಇಳಿಸಿದೆ. ಅಂಕಿ 53ರ ಹತ್ತಿರಕ್ಕೆ ಬಂತು. ಈ ಕಂತಿನ ಕತ್ತಿಗಳಲ್ಲಿ ಕೆಲವು ಬಾಯಿ ಮಡಿಚಿಕೊಂಡು ಬಂದವು, ಅದು ನಿರೀಕ್ಷಿತವೇ ಆಗಿತ್ತು. ಆದರೆ ಕೆಲವು ಮತ್ತೆ ಮುಕ್ಕಾಗಿಯೇ ಬಂದವು. ಮೆತ್ತಗಾಗಿಯೂ ಮುಕ್ಕಾಗುವುದು ಹೇಗೆ ಎಂದು ನನಗೆ ಎರಡು ದಿನ ತಲೆಗೆ ಹತ್ತಲಿಲ್ಲ. ಪಾಠದಲ್ಲಿ ಓದಿದ್ದು ನೆನಪಾದದ್ದು ಆಮೇಲೆ: ಇಂಥ ಉಕ್ಕುಗಳನ್ನು ಸುಮಾರು 260ರಿಂದ 370 ಡಿಗ್ರಿಯ ನಡುವೆ ಹದ ಇಳಿಸಿದರೆ ಗಡಸುತನ ಇಳಿಯುತ್ತದೆಯೇ ಹೊರತು ಪೆಟ್ಟು ತಾಳುವ ಗುಣ ಅದಕ್ಕೆ ತಕ್ಕಂತೆ ಏರುವುದಿಲ್ಲ, ಕೆಲವೊಮ್ಮೆ ಇನ್ನೂ ಕುಸಿಯುತ್ತದೆ, ಏಕೆಂದರೆ ಆ ಶಾಖದಲ್ಲಿ ಒಳಗಿನ ಸೂಕ್ಷ್ಮ ಗಡಿಗಳ ಉದ್ದಕ್ಕೂ ಪೆಡಸಾದ ಕಾರ್ಬೈಡಿನ (ಇಂಗಾಲ ಮತ್ತು ಲೋಹ ಕೂಡಿದ ಗಟ್ಟಿ ವಸ್ತುವಿನ) ತೆಳುಪದರಗಳು ಕೂಡುತ್ತವೆ. ಅಲಗಿನ ಮೇಲೆ ನೇರಳೆ, ನೀಲಿ ಬಣ್ಣ ಏರುವ ಶಾಖ ಇದೇ ವ್ಯಾಪ್ತಿಯಲ್ಲಿ ಬರುತ್ತದೆ. ಸ್ಪ್ರಿಂಗಿಗೆ ಒಪ್ಪುವ ನೀಲಿ ಕತ್ತಿಗೂ ಒಪ್ಪುತ್ತದೆ ಎಂದು ನಂಬಿ ಹದ ಹಾಕುವವರು ಇಂದಿಗೂ ಬಹಳ ಮಂದಿ ಇದ್ದಾರೆ.

ನಮ್ಮ ಕಾರ್ಯಾಗಾರದಲ್ಲಿ ಹೊಡೆಯುವ ಕೆಲಸ ನೋಡಿಕೊಳ್ಳುವವರು ಅರವತ್ತು ದಾಟಿದ ಆಚಾರ್ರು. ಮರಳಿ ಬಂದ ಕತ್ತಿಗಳನ್ನು ನಾನು ಗಡಸುತನದ ಅಂಕಿಯ ಪ್ರಕಾರ ವಿಂಗಡಿಸಿ ಇಟ್ಟಿದ್ದರೆ, ಅವರು ಬಂದು ಎಲ್ಲವನ್ನೂ ಕೆಡಿಸಿ, ಪೆಟ್ಟಾದ ಜಾಗದ ಪ್ರಕಾರ ಸಾಲಾಗಿ ಹರಡಿದರು. “ತಮ್ಮಾ, ಮುಕ್ಕು ಎಲ್ಲಿ ಬಿದ್ದಿದೆ ನೋಡಿದ್ಯಾ? ಎಲ್ಲಾ ನಡುವೆ. ಕೊಕ್ಕಿನ ಹತ್ರ ಒಂದೂ ಇಲ್ಲ” ಎಂದರು. ಬೆಳಕಿಗೆ ಹಿಡಿದು ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಮುಕ್ಕುಗಳು ಅರ್ಧಚಂದ್ರಾಕಾರವಾಗಿದ್ದವು, ಮತ್ತು ಬಹುತೇಕ ಎಲ್ಲವೂ ಅಲಗಿನ ಒಂದೇ ಮಗ್ಗುಲಿಗೆ ಎದ್ದಿದ್ದವು. ನೇರವಾದ ಹೊಡೆತಕ್ಕೆ ಬಾಯಿ ಹೀಗೆ ಒಡೆಯುವುದಿಲ್ಲ. ಬಲಗೈಯವನು ಬಿದಿರಿನ ಗಂಟಿಗೆ ಓರೆಯಾಗಿ ಹೊಡೆದು, ಕತ್ತಿ ಅಲ್ಲೇ ಕಚ್ಚಿಕೊಂಡಾಗ ಬಿಡಿಸಲು ಮಣಿಕಟ್ಟು ತಿರುಚುತ್ತಾನೆ. ಆ ತಿರುಚುವಿಕೆಯಲ್ಲಿ ಬಾಯಿ ಮಗ್ಗುಲಿಗೆ ಬಾಗಲು ಹೋಗಿ ಒಡೆಯುತ್ತದೆ. ಡೈ ಒಳಗೆ ಭಾರ ಹೆಚ್ಚಾಗಿ ನೇರವಾಗಿ ಒತ್ತುತ್ತದೆ. ಕತ್ತಿಯನ್ನು ಕೊಲ್ಲುವ ಭಾರ ಪಕ್ಕದಿಂದ ಬರುತ್ತದೆ, ರಾಕ್‌ವೆಲ್ ಯಂತ್ರ ಅದನ್ನು ಅಳೆಯುವುದೇ ಇಲ್ಲ.

ಅದೇ ದಿನ ಮೊದಲ ಕಂತಿನ ಒಂದು ಕತ್ತಿಯನ್ನು ವೈಸಿಗೆ ಕಚ್ಚಿಸಿ, ಗೋಣಿಚೀಲ ಸುತ್ತಿ, ಸುತ್ತಿಗೆಯಿಂದ ಹೊಡೆದು ಮುರಿದೆವು. ಮುರಿದ ಮುಖ ಹೊಳೆಯುತ್ತಿತ್ತು, ಒಂದೊಂದು ಹರಳೂ ಬರಿಗಣ್ಣಿಗೆ ಕಾಣುವಂತೆ, ಬನ್ಸಿ ರವೆಯನ್ನು ಅಂಟಿಸಿದ ಹಾಗಿತ್ತು. ಆಚಾರ್ರ ಹಳೆಯ ಕತ್ತಿಯ ಒಂದು ತುಂಡನ್ನು ಪಕ್ಕದಲ್ಲಿಟ್ಟರೆ ಅದು ಹೊಳಪಿಲ್ಲದ ಬೂದು ಬಣ್ಣ, ಚಿರೋಟಿ ರವೆಗಿಂತಲೂ ನಯ. ತಪ್ಪು ನನ್ನದೇ ಆಗಿತ್ತು. ಹೊಡೆಯುವಾಗ ಉಕ್ಕು 1,100 ಡಿಗ್ರಿಗೂ ಮೀರಿ ಕಾದಿರುತ್ತದೆ, ಆ ಶಾಖದಲ್ಲಿ ಒಳಗಿನ ಹರಳುಗಳು ದಪ್ಪಗಾಗುತ್ತವೆ, ದಪ್ಪ ಹರಳಿನ ಉಕ್ಕು ಬೇಗ ಒಡೆಯುತ್ತದೆ. ಆಚಾರ್ರು ಹೊಡೆದು ಮುಗಿದ ಮೇಲೆ ಪ್ರತಿ ಅಲಗನ್ನೂ ಮತ್ತೆ ಮೂರು ಸಲ, ಒಂದೊಂದು ಸಲಕ್ಕೂ ಸ್ವಲ್ಪ ಕಡಿಮೆ ಕೆಂಪಿಗೆ ಕಾಯಿಸಿ ಗಾಳಿಯಲ್ಲಿ ತಣಿಯಲು ಬಿಟ್ಟು ಹರಳನ್ನು ಮತ್ತೆ ಸಣ್ಣಗಾಗಿಸುತ್ತಿದ್ದರು. ಅದು ಇದ್ದಿಲು ದಂಡ ಎಂದು ನಾನು ಬಂದ ತಿಂಗಳಲ್ಲೇ ನಿಲ್ಲಿಸಿದ್ದೆ. ಸಾಲದ್ದಕ್ಕೆ, ಡೈ ಉಕ್ಕನ್ನು ಕಾಯಿಸುವ ಅಭ್ಯಾಸದಲ್ಲಿ ಅಲಗುಗಳನ್ನು 880 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಟ್ಟಿದ್ದೆ. ಆರು ಮಿಲಿಮೀಟರ್ ದಪ್ಪದ ಪಟ್ಟಿಗೆ 840ರ ಸುಮಾರಿನಲ್ಲಿ ಕೆಲವೇ ನಿಮಿಷ ಸಾಕು.

ಹಾಗೆಂದು ಹಳೆಯ ಪದ್ಧತಿಯೇ ಪೂರ್ತಿ ಸರಿಯಾಗಿತ್ತು ಎಂದೂ ನಾನು ಹೇಳಲಾರೆ. ಆಚಾರ್ರ ಕತ್ತಿಗಳು ಮುಕ್ಕಾಗುತ್ತಿರಲಿಲ್ಲ, ನಿಜ; ಆದರೆ ಅವು ಚೆನ್ನಾಗಿ ಕಡಿಯುತ್ತಲೂ ಇರಲಿಲ್ಲ. ವರ್ನಿಯರ್ ಹಿಡಿದು ಅಳೆದಾಗ ಬಾಯಿಯಿಂದ ಒಂದು ಮಿಲಿಮೀಟರ್ ಮೇಲೆ ಅವರ ಅಲಗು 1.2 ಮಿಲಿಮೀಟರ್ ದಪ್ಪವಿತ್ತು, ನನ್ನದು 0.5 ಇತ್ತು. ದಪ್ಪ ಬಾಯಿ ಗಟ್ಟಿ ಬಾಯಿ ಎಂಬುದು ಅವರ ನಂಬಿಕೆ. ಆದರೆ ಅಂಥ ಕತ್ತಿ ಹಸಿ ಕೊಂಬೆಯನ್ನು ಕಡಿಯುವ ಬದಲು ಜಜ್ಜಿಕೊಂಡು ಹೋಗುತ್ತದೆ, ಒಂದು ಪೆಟ್ಟಿನ ಕಡೆ ಮೂರು ಪೆಟ್ಟು ಬೇಕಾಗುತ್ತದೆ, ಕೆಲಸದವನು ಬೇಸತ್ತು ಜೋರಾಗಿ ಬೀಸುತ್ತಾನೆ, ಜೋರಾಗಿ ಬೀಸಿದ್ದು ಗುರಿ ತಪ್ಪಿ ಜಂಬಿಟ್ಟಿಗೆ ಕಲ್ಲಿಗೆ ತಗಲುತ್ತದೆ. ತೆಳ್ಳಗೆ ಕಡಿಯುವ ಕತ್ತಿಗೆ ಬೀಳುವ ಹೊಡೆತವೇ ಕಡಿಮೆ, ಹಾಗಾಗಿ ಒಂದು ಮಿತಿಯವರೆಗೆ ತೆಳುವಾಗಿರುವುದೂ ಬಾಳಿಕೆಗೆ ಒದಗುತ್ತದೆ. ಈ ಮಾತನ್ನು ಅವರಿಗೆ ಒಪ್ಪಿಸಲು ನನಗೆ ಒಂದು ಮಳೆಗಾಲವೇ ಹಿಡಿಯಿತು.

ಆ ಮಿತಿ ಎಲ್ಲಿದೆ ಎಂದು ಹುಡುಕುವುದೇ ಮೂರನೆಯ ಕಂತಿನ ಕೆಲಸವಾಯಿತು. ದಪ್ಪ ಒಂದೂವರೆ ಪಟ್ಟಾದರೆ ಪಕ್ಕಕ್ಕೆ ಬಾಗದೆ ನಿಲ್ಲುವ ಬಿಗುವು ಮೂರು ಪಟ್ಟಿಗೂ ಹೆಚ್ಚಾಗುತ್ತದೆ, ಏಕೆಂದರೆ ಅದು ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ, ಆದ್ದರಿಂದ 0.5ರಿಂದ 0.75 ಮಿಲಿಮೀಟರಿಗೆ ಹೋಗುವುದು ಕಣ್ಣಿಗೆ ಏನೂ ಅಲ್ಲದಂತೆ ಕಂಡರೂ ಬಾಯಿಗೆ ದೊಡ್ಡ ಬಲ. ಕೊನೆಗೆ ನಾವು ಒಂದೇ ಅಲಗಿಗೆ ಎರಡು ಬಾಯಿ ಕೊಟ್ಟೆವು. ಕಡಿಯುವ ನಡುಭಾಗದಲ್ಲಿ ಎರಡು ಮಗ್ಗುಲೂ ಸೇರಿ ಸುಮಾರು 40 ಡಿಗ್ರಿ ಕೋನ, ಅದೂ ಚಪ್ಪಟೆಯಾಗಿ ಅಲ್ಲ, ಅಕ್ಕಿಕಾಳಿನ ಹೊಟ್ಟೆಯಂತೆ ತುಸು ಉಬ್ಬಾಗಿ. ಉಬ್ಬಿರುವುದರಿಂದ ಕತ್ತಿ ಮರದಲ್ಲಿ ಕಚ್ಚಿಕೊಳ್ಳುವುದೂ ಕಡಿಮೆಯಾಗುತ್ತದೆ, ತಿರುಚುವ ಪ್ರಮೇಯವೂ ಕಡಿಮೆಯಾಗುತ್ತದೆ. ಸೊಪ್ಪನ್ನು ಎಳೆದು ಕೊಯ್ಯುವ ಕೊಕ್ಕಿನ ಒಳಬಾಗಿಗೆ 30 ಡಿಗ್ರಿಯ ತೆಳು ಬಾಯಿ. ಅಲ್ಲಿ ಮುಕ್ಕು ಬಿದ್ದೇ ಇರಲಿಲ್ಲವಾದ್ದರಿಂದ ಅಲ್ಲಿಯ ಹರಿತವನ್ನು ಬಲಿ ಕೊಡಲು ಕಾರಣವೂ ಇರಲಿಲ್ಲ.

ಹದದ ವಿಷಯದಲ್ಲಿ ಮೂರು ಸಲ ಕಾಯಿಸಿ ತಣಿಸುವುದನ್ನು ಮತ್ತೆ ಆರಂಭಿಸಿದೆವು, 840ರಿಂದ ಎಣ್ಣೆಗೆ ಅದ್ದಿದೆವು, 210 ಡಿಗ್ರಿಯಲ್ಲಿ ಎರಡು ಬಾರಿ ಎರಡೆರಡು ಗಂಟೆ ಹದ ಇಳಿಸಿದೆವು. ಆಮೇಲೆ ಬಾಯಿಯನ್ನು ನೀರಿನಲ್ಲಿ ಮುಳುಗಿಸಿ ಹಿಡಿದು ಬೆನ್ನಿಗೆ ಮಾತ್ರ ಗ್ಯಾಸ್ ಜ್ವಾಲೆ ಹಾಯಿಸಿ ಅದನ್ನು ಇನ್ನಷ್ಟು ಮೆತ್ತಗೆ ಮಾಡಿದೆವು. ನೇಪಾಳದ ಕುಕ್ರಿ ಮಾಡುವವರು ಇದೇ ಫಲವನ್ನು ಬೇರೆ ದಾರಿಯಿಂದ ಪಡೆಯುತ್ತಾರೆ. ಕಾದ ಅಲಗಿನ ಬಾಯಿಯ ಮೇಲೆ ಮಾತ್ರ ಕೆಟಲಿನಿಂದ ನೀರು ಸುರಿದು ಬಾಯಿಯನ್ನು ಗಡಸಾಗಿಸಿ, ಬೆನ್ನನ್ನು ಹಾಗೇ ಬಿಡುತ್ತಾರೆ. ಎಲ್ಲ ಮುಗಿದ ಮೇಲೆ ಬಾಯಿಯ ಗಡಸುತನ ಅಳೆದರೆ 57. ಮುಕ್ಕಾದ ಮೊದಲ ಕಂತಿನದು 58 ಇತ್ತು. ಒಂದೇ ಒಂದು ಅಂಕಿಯ ವ್ಯತ್ಯಾಸ! ಆ ಯಂತ್ರದ ಮುಂದೆ ನಾನು ಕಳೆದ ವರ್ಷಗಳನ್ನು ನೆನೆದು ಸ್ವಲ್ಪ ನಗುವೂ ಬಂತು.

ಈಗ ಕತ್ತಿ ಹೊರಗೆ ಹೋಗುವ ಮೊದಲು ಎರಡು ಪರೀಕ್ಷೆ ಮಾಡುತ್ತೇವೆ. ಒಂದು, ವೈಸಿಗೆ ಅಡ್ಡಲಾಗಿ ಕಚ್ಚಿಸಿದ ಹಿತ್ತಾಳೆ ಸರಳಿನ ಮೇಲೆ ಬಾಯಿಯನ್ನು ಓರೆಯಾಗಿ ಒತ್ತಿ ಎಳೆಯುವುದು. ಬಾಯಿ ಸರಳಿನ ಮೇಲೆ ಬಾಗಿ ಸಾಗುವುದು ಬೆಳಕಿನಲ್ಲಿ ಸಣ್ಣ ಅಲೆಯಂತೆ ಕಾಣುತ್ತದೆ. ಸರಳು ದಾಟಿದೊಡನೆ ಅದು ನೆಟ್ಟಗಾದರೆ ಹದ ಸರಿ, ಬಾಗಿಯೇ ಉಳಿದರೆ ಮೆತ್ತಗೆ, ಚಿಪ್ಪೆದ್ದರೆ ಪೆಡಸು. ಎರಡನೆಯದು, ಪ್ರತಿ ಕಂತಿನಿಂದ ಒಂದು ಕತ್ತಿ ತೆಗೆದು ಒಣ ಬಿದಿರಿನ ಗಂಟಿಗೆ 50 ಪೆಟ್ಟು ಹೊಡೆದು, ಪ್ರತಿ ಪೆಟ್ಟಿಗೂ ಬೇಕೆಂದೇ ತಿರುಚಿ ಕೀಳುವುದು. ಬಿದಿರಿನ ಹೊರಮೈಯಲ್ಲಿ ಸಿಲಿಕಾ ಇರುವುದರಿಂದ ಅದು ಬಾಯಿಯನ್ನು ಸವೆಸುತ್ತದೆ, ಗಂಟು ಪೆಟ್ಟು ಕೊಡುತ್ತದೆ, ತಿರುಚುವಿಕೆ ಪಕ್ಕದ ಭಾರ ಹಾಕುತ್ತದೆ. ಮೂರೂ ಒಂದೇ ಕಡೆ ಸಿಗುವ ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ಇನ್ನೂ ಸಿಕ್ಕಿಲ್ಲ. ಆಮೇಲೆ ಬಾಯಿಯನ್ನು ಟಾರ್ಚಿನ ಬೆಳಕಿಗೆ ಎದುರಾಗಿ ಹಿಡಿಯುತ್ತೇವೆ. ಹರಿತವಾದ ಬಾಯಿ ಬೆಳಕನ್ನು ಮರಳಿಸುವುದಿಲ್ಲ, ಎಲ್ಲಿ ಬಿಳಿ ಚುಕ್ಕೆ ಮಿನುಗಿತೋ ಅಲ್ಲಿ ಪೆಟ್ಟಾಗಿದೆ ಎಂದರ್ಥ.

ಕೆಲವರು ಮೊಬೈಲಿನಲ್ಲಿ ವಿಡಿಯೋ ತೋರಿಸಿ ಡಿ2 ಉಕ್ಕಿನ ಕತ್ತಿ ಕೇಳುತ್ತಾರೆ. ಡೈ ಕೆಲಸದಲ್ಲಿ ನಾನು ಆ ಉಕ್ಕಿನೊಂದಿಗೆ ವರ್ಷಗಟ್ಟಲೆ ಬದುಕಿದ್ದೇನೆ. ಅದರಲ್ಲಿ ಒಂದೂವರೆ ಶೇಕಡಾ ಇಂಗಾಲ, 12 ಶೇಕಡಾ ಕ್ರೋಮಿಯಂ, ಸವೆತಕ್ಕೆ ಜಗ್ಗುವುದೇ ಇಲ್ಲ. ಆದರೆ ಹರಿತವನ್ನು ಉಳಿಸುವ ಅದೇ ದಪ್ಪ ದಪ್ಪ ಕಾರ್ಬೈಡುಗಳು ಪೆಟ್ಟು ಬಿದ್ದಾಗ ಬಿರುಕಿಗೆ ದಾರಿ ಮಾಡಿಕೊಡುತ್ತವೆ. ಒತ್ತಾಯಕ್ಕೆ ಒಂದು ಮಾಡಿಕೊಟ್ಟೆವು, 60ರ ಗಡಸುತನದಲ್ಲಿ. ಅದು ಮುಕ್ಕಾಗಿ ಬಂತು, ಮತ್ತು ಮುಕ್ಕನ್ನು ತೆಗೆಯಲು ಆ ಮನೆಯವರು ಅರ ಹಾಕಿದರೆ ಅರ ಜಾರಿತಂತೆ. ತೋಟದಲ್ಲಿ ಕೆಲಸ ಮಾಡುವವನ ಕೈಯಲ್ಲಿರುವುದು ಒಂದು ಅರ ಅಥವಾ ಮಸೆಗಲ್ಲು ಮಾತ್ರ. 57ರ ಬಾಯಿ ಅರಕ್ಕೆ ಒಲ್ಲದ ಮನಸ್ಸಿನಿಂದಲಾದರೂ ಒಪ್ಪುತ್ತದೆ.

ನಾನು ಇನ್ನೂ ಪೂರ್ತಿ ಬಗೆಹರಿಸದ ಒಂದು ತೊಡಕೂ ಇದೆ. ಅಲಗು ಬೆನ್ನಿನ ಕಡೆಗೆ ದಪ್ಪವಾಗುತ್ತ ಹೋಗುವುದರಿಂದ, ಪ್ರತಿ ಸಲ ಮಸೆದಾಗಲೂ ಬಾಯಿ ಸ್ವಲ್ಪ ಸ್ವಲ್ಪವೇ ದಪ್ಪ ಭಾಗಕ್ಕೆ ಏರುತ್ತದೆ. ಮೂರನೆಯ ಕಂತಿನ ಒಂದು ಕತ್ತಿ ಮೊನ್ನೆ ಎರಡು ಮಳೆಗಾಲ ಕಳೆದು ಬಂತು. ಒಂದೂ ಮುಕ್ಕಿಲ್ಲ, ಆದರೆ ಬಾಯಿ ಮೂರು ಮಿಲಿಮೀಟರ್ ಸವೆದು, ಒಂದು ಮಿಲಿಮೀಟರ್ ಮೇಲಿನ ದಪ್ಪ ಆಚಾರ್ರ ಹಳೆಯ ಕತ್ತಿಗಳಷ್ಟೇ ಆಗಿತ್ತು. “ಮೊದ್ಲಿನ ಹಾಗೆ ಕಡೀತಿಲ್ಲ ಮಾರಾಯ್ರೇ” ಎಂಬುದು ತಂದವರ ದೂರು. ಈಗ ಮುಂಗಾರಿಗೆ ಮೊದಲು ಕತ್ತಿ ತಂದರೆ ಮಗ್ಗುಲನ್ನು ಮತ್ತೆ ತೆಳ್ಳಗೆ ಅರೆದುಕೊಡುತ್ತೇವೆ ಎಂದು ಹೇಳಿ ಕಳಿಸುತ್ತಿದ್ದೇವೆ. ಅರೆಯುವಾಗ ಮೂರು ಎಳೆತಕ್ಕೊಮ್ಮೆ ಅಲಗನ್ನು ಬಕೆಟಿನ ನೀರಿಗೆ ಅದ್ದಬೇಕು, ಇಲ್ಲದಿದ್ದರೆ ಕಷ್ಟಪಟ್ಟು ಕೊಟ್ಟ ಹದವನ್ನು ಗ್ರೈಂಡರೇ ತಿಂದುಹಾಕುತ್ತದೆ. ಆ ಬಕೆಟಿನ ಪಕ್ಕದಲ್ಲಿ ಆಚಾರ್ರೇ ಕುಳಿತಿರುತ್ತಾರೆ, ಕೈಯಲ್ಲಿ ನನ್ನ ವರ್ನಿಯರ್ ಹಿಡಿದುಕೊಂಡು.